ಹೃದ್ರೋಗಿಯ ಮನಸ್ಸು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ನಮ್ಮ ಹಳೆಯ ಶಿಷ್ಯರು ಅನೇಕರಿದ್ದಾರೆ. ಅವರಲ್ಲಿ ಹಿರೇಕೆರೂರು ಕಡೆಯ ಒಬ್ಬ ರೈತನು ಹೃದಯಾಘಾತವಾಗಿ, ರಕ್ತನಾಳದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಿರಲು, ನಾವು ನೋಡಲು ಹೋದೆವು. ಆರೈಕೆಗೆ ಕೊರತೆಯಿರಲಿಲ್ಲ. ಹೊಲದ ಲೆಕ್ಕವನ್ನು ಮಗನು ವಹಿಸಿಕೊಂಡಿದ್ದನು. ಸೊಸೆಯು ನೀರಿನ ತಂಬಿಗೆಯನ್ನೂ ಎತ್ತಗೊಡುತ್ತಿರಲಿಲ್ಲ. ಮನೆಯ ಸುದ್ದಿಯೆಲ್ಲ ಅಡಿಗೆಮನೆಯಲ್ಲಿ ಪಿಸುಮಾತಾಗಿತ್ತು. ಆತನಾದರೋ ಗೋಡೆಗೆ ಮುಖಮಾಡಿ ಮಲಗಿದ್ದನು. ಊಟ ಸೇರದು, ನಿದ್ರೆ ಬಾರದು; ಗುಳಿಗೆಗಳನ್ನೂ ಆಗಾಗ ಬಿಡುತ್ತಿದ್ದನು.

“ಎದಿ ದುರಸ್ತ ಆತ್ರಿ ಮಾಸ್ತರ, ಆದ್ರ ನಾ ಮನ್ಯಾಗ ಇದ್ದೂ ಇಲ್ಲದಾಂಗ ಆಗೇನ್ರಿ” ಎಂದನು. ನಾವು “ಧೈರ್ಯವಾಗಿರು” ಎಂದು ಉಪದೇಶಿಸಿ ಎದ್ದು ಬಂದೆವು. ಕೇಳಬೇಕಾದಲ್ಲಿ ಉಪದೇಶಿಸಿದ್ದು ನಮ್ಮ ತಪ್ಪೆಂದು ದಾರಿಯಲ್ಲಿ ತಿಳಿಯಿತು.

ಚರಕಸಂಹಿತೆಯ ಸೂತ್ರಸ್ಥಾನದ ೩೦ನೆಯ ಅಧ್ಯಾಯವು ಹೃದಯವನ್ನು ಮನಸ್ಸಿನ ಆಶ್ರಯವೆಂದು ಹೇಳಿ, ಹೃದಯವನ್ನು ಕಾಯಬಯಸುವವನು ಮನೋದುಃಖದ ಕಾರಣಗಳನ್ನು ವಿಶೇಷವಾಗಿ ಪರಿಹರಿಸಬೇಕೆಂದು ವಿಧಿಸುತ್ತದೆ. ಮನಸ್ಸಿನ ನೆಲೆ ಮಿದುಳೆಂದು ಇಂದಿನ ವೈದ್ಯರು ಹೇಳುವರಾದರೂ, ಇವೆರಡರ ನಂಟನ್ನು ಅವರೂ ಒಪ್ಪುತ್ತಾರೆ. ೫೨ ದೇಶಗಳಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಎಂಬ ಅಧ್ಯಯನವು, ಹೃದಯಾಘಾತದ ಒಂಬತ್ತು ಮುಖ್ಯ ಕಾರಣಗಳಲ್ಲಿ ಧೂಮಪಾನ, ಮಧುಮೇಹಗಳ ಸಾಲಿನಲ್ಲಿಯೇ ಮನಸ್ಸಿನ ಕ್ಲೇಶವನ್ನೂ ಎಣಿಸಿತು. ಹೃದಯಾಘಾತವಾದವರಲ್ಲಿ ಸುಮಾರು ಐವರಿಗೊಬ್ಬರಂತೆ ತೀವ್ರ ಖಿನ್ನತೆಗೆ ಒಳಗಾಗುವರು. ಖಿನ್ನನಾದವನು ಔಷಧವನ್ನು ಮರೆಯುವನು, ನಡೆದಾಡಲು ಅಂಜುವನು; ಹೀಗೆ ಒಂದು ರೋಗವು ಇನ್ನೊಂದನ್ನು ಬೆಳೆಸುವುದು.

ಆದಕಾರಣ ಗೃಹಸ್ಥರು ಗಮನಿಸತಕ್ಕದ್ದೇನೆಂದರೆ, ಅತಿಯಾದ ಆರೈಕೆಯೂ ರೋಗಿಯನ್ನು ಕುಗ್ಗಿಸಬಲ್ಲದು. ವೈದ್ಯರು ಒಪ್ಪಿದಷ್ಟು ನಡಿಗೆಯನ್ನೂ ಕೆಲಸವನ್ನೂ ಆತನಿಗೆ ಮರಳಿ ಕೊಡಿರಿ. ಮನೆಯ ವಿಚಾರದಲ್ಲಿ ಆತನ ಮಾತನ್ನು ಕೇಳಿರಿ. ಎರಡು ವಾರಗಳಾದರೂ ಬೇಸರ, ನಿದ್ರಾಹೀನತೆ, ನಿರಾಶೆಗಳು ತೊಲಗದಿದ್ದರೆ ಹೃದಯದ ವೈದ್ಯರಿಗೇ ಅದನ್ನು ಬಿಚ್ಚಿ ಹೇಳಿರಿ, ಖಿನ್ನತೆಗೆ ಚಿಕಿತ್ಸೆಯುಂಟು. ಮನೋರೋಗದ ಗುಳಿಗೆಯನ್ನು ತಾವಾಗಿಯೇ ತರಿಸಬಾರದು; ಎಲ್ಲವೂ ಹೃದಯಕ್ಕೆ ಹಿತವಲ್ಲ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರಕಾರಿ ಸಂಸ್ಥೆಯೇ ಇದೆ. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ ೧೪೪೧೬ ಸಂಖ್ಯೆಗೆ ಕರೆ ಮಾಡಿದರೆ, ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ದೊರೆಯುವುದು. ರೋಗಿಯು ಸಾವನ್ನು ಬಯಸುವ ಮಾತನ್ನಾಡಿದರೆ ಒಂಟಿಯಾಗಿ ಬಿಡದೆ ಕೂಡಲೆ ನೆರವು ಪಡೆಯಿರಿ. ಎದೆನೋವು, ಉಸಿರುಕಟ್ಟುವಿಕೆ ಕಂಡಾಗಲಾದರೋ ಮನಸ್ಸಿನ ಭ್ರಮೆಯೆಂದು ಕೂರದೆ ೧೦೮ಕ್ಕೆ ಕರೆ ಮಾಡತಕ್ಕದ್ದು.

ನಾವು ಮರುವಾರ ಮತ್ತೆ ಹೋಗಿ, ಆತನ ಮಾತನ್ನು ಸುಮ್ಮನೆ ಕೇಳಿದೆವು. “ರಾತ್ರಿ ಮಲಗಿದರೆ ಏಳುವೆನೋ ಇಲ್ಲವೋ” ಎಂಬ ಅಂಜಿಕೆಯನ್ನು ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದನು. ಮಗನು ಬಾಗಿಲಲ್ಲಿ ನಿಂತು ಕೇಳುತ್ತಿದ್ದನು. ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ದನು. ಈಗ ಚಿಕಿತ್ಸೆ ನಡೆದಿದೆ. ಅಂಜಿಕೆ ಪೂರ್ಣವಾಗಿ ಹೋಗಿಲ್ಲ. ಆದರೆ ಹೊಲದ ಲೆಕ್ಕದ ಪುಸ್ತಕವು ತಂದೆಯ ದಿಂಬಿನ ಬಳಿಗೆ ಮರಳಿದೆ. ಸಂಜೆ ತಂದೆಮಕ್ಕಳು ಕೂಡಿ ಕೆರೆಯವರೆಗೆ ನಡೆದು ಬರುತ್ತಾರೆ.