ಕೊನೆಗುಳಿದ ಮರಿಗಳ ಲೆಕ್ಕ ಯಾರು ಕೊಡಬೇಕು?

ನಾಯಿಯ ಪ್ರಸ್ತಾಪ ಬಂದೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ಮೊದಲ ಪದ ‘ನಜಸ್’. ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಆದರೆ ಅದೇ ಮನೆಗಳ ಅಡಿಕೆ ತೋಟದಲ್ಲಿ, ಕಾಫಿ ತೋಟದಲ್ಲಿ, ಕೋಳಿ ಫಾರಂನಲ್ಲಿ, ಮರದ ಮಿಲ್ಲಿನಲ್ಲಿ ಕಾವಲಿಗೊಂದು ನಾಯಿ ಇದ್ದೇ ಇರುತ್ತದೆ. ಆ ನಾಯಿ ಮರಿ ಹಾಕುತ್ತದೆ. ಗಂಡು ಮರಿಗಳನ್ನು ಯಾರಾದರೂ ಕೇಳಿಕೊಂಡು ಬರುತ್ತಾರೆ. ಉಳಿಯುವುದು ಎರಡೋ ಮೂರೋ, ಹೆಚ್ಚಾಗಿ ಹೆಣ್ಣು ಮರಿಗಳು. ಒಂದು ರಾತ್ರಿ ಅವು ಗೋಣಿಚೀಲ ಸೇರುತ್ತವೆ. ಬೆಳಗಾಗುವಾಗ ಮೀನು ಮಾರುಕಟ್ಟೆಯ ಹಿಂಭಾಗದಲ್ಲೋ, ಹೆದ್ದಾರಿಯ ಸೇತುವೆಯ ಬುಡದಲ್ಲೋ, ಕಸದ ರಾಶಿಯ ಮೇಲೋ ಕುಂಯ್‌ಗುಟ್ಟುತ್ತಿರುತ್ತವೆ. ತಂದು ಬಿಟ್ಟವನು ಕೈತೊಳೆದುಕೊಂಡು ಸುಬಹ್ ನಮಾಝಿಗೆ ಸಫ್‌ನಲ್ಲಿ ನಿಂತಿರುತ್ತಾನೆ.

ಇದನ್ನು ನಾವು ಪಾಪವೆಂದು ಪರಿಗಣಿಸುವುದೇ ಇಲ್ಲ. ಅಷ್ಟು ಮಾತ್ರವಲ್ಲ, ಧರ್ಮನಿಷ್ಠೆಯ ಭಾಗವೆಂದು ಭಾವಿಸುವವರೂ ಇದ್ದಾರೆ. ನಾಯಿಯನ್ನು ದೂರ ಮಾಡಿದೆನಲ್ಲ ಎಂಬ ಸಮಾಧಾನ ಅವರದು. ಈ ಸಮಾಧಾನಕ್ಕೆ ಶರೀಅತ್‌ನಲ್ಲಿ ಯಾವ ಆಧಾರವೂ ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾದ ಕಾಲ ಬಂದಿದೆ.

ಮೊದಲಿಗೆ, ನಾಯಿ ಸಾಕುವುದರ ಬಗ್ಗೆ ನಮ್ಮ ಧರ್ಮದ ನಿಲುವೇನೆಂದು ನೋಡೋಣ. ಬೇಟೆಗೆ, ಜಾನುವಾರುಗಳ ಕಾವಲಿಗೆ ಮತ್ತು ಬೆಳೆಯ ರಕ್ಷಣೆಗೆ ನಾಯಿ ಸಾಕಲು ಪ್ರವಾದಿ(ಸ) ಅನುಮತಿ ನೀಡಿದ್ದಾರೆ. ಇಂತಹ ಅಗತ್ಯವಿಲ್ಲದೆ ಸಾಕುವವನ ಪ್ರತಿಫಲದಿಂದ ದಿನವೂ ಕಡಿತವಾಗುತ್ತದೆಂದು ಬುಖಾರಿ, ಮುಸ್ಲಿಮ್‌ಗಳಲ್ಲಿ ವರದಿಯಾಗಿದೆ. ಮನೆಯ ಕಾವಲಿಗೂ ಈ ಅನುಮತಿ ಅನ್ವಯಿಸುತ್ತದೆ ಎಂಬುದೇ ಪ್ರಬಲ ಅಭಿಪ್ರಾಯವೆಂದು ಇಮಾಮ್ ನವವಿ(ರ) ತಿಳಿಸಿದ್ದಾರೆ. ಇಂತಹ ಕೆಲಸಕ್ಕಾಗಿ ಮರಿಯನ್ನು ಸಾಕಿ ಬೆಳೆಸುವುದೂ ಅನುಮತಿಸಲ್ಪಟ್ಟಿದೆ. ಬೇಟೆನಾಯಿ ಹಿಡಿದು ತಂದುದನ್ನು ತಿನ್ನುವ ನಿಯಮವನ್ನು ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯವು ವಿವರಿಸಿದೆ. ಗುಹಾವಾಸಿಗಳ ಕಥೆಯಲ್ಲಿ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ್ದ ನಾಯಿಯನ್ನೂ ಅಲ್ಲಾಹನು ಮರೆಯದೆ ಉಲ್ಲೇಖಿಸಿದ್ದಾನೆ. ಆದ್ದರಿಂದ ತೋಟಕ್ಕೆ ನಾಯಿ ಸಾಕಿದವನು ತಪ್ಪು ಮಾಡಿಲ್ಲ. ಅವನ ಪರೀಕ್ಷೆ ಆರಂಭವಾಗುವುದು ಆ ನಾಯಿ ಮರಿ ಹಾಕಿದ ದಿನ.

ಈಗ ‘ನಜಸ್’ ಎಂಬ ವಾದಕ್ಕೆ ಬರೋಣ. ಶಾಫಿಈ ಮದ್‌ಹಬ್‌ನ ಪ್ರಕಾರ ನಾಯಿ ನಜಸ್ ಹೌದು. ಒದ್ದೆಯಾಗಿ ತಗುಲಿದರೆ ಏಳು ಬಾರಿ ತೊಳೆಯಬೇಕು, ಅದರಲ್ಲೊಂದು ಬಾರಿ ಮಣ್ಣು ಬೆರೆಸಿದ ನೀರಿನಿಂದ. ಹನಫಿಗಳು ಅದರ ಜೊಲ್ಲನ್ನು ನಜಸ್ ಎನ್ನುತ್ತಾರೆ, ಮಾಲಿಕಿಗಳು ಜೀವಂತ ನಾಯಿಯನ್ನು ಶುದ್ಧವೆಂದೇ ಪರಿಗಣಿಸುತ್ತಾರೆ. ಅದೇನೇ ಇರಲಿ, ನಜಸ್ ಎಂಬುದು ತೊಳೆಯುವುದಕ್ಕೆ ಸಂಬಂಧಿಸಿದ ವಿಧಿಯೇ ಹೊರತು ದ್ವೇಷಿಸುವುದಕ್ಕೆ ನೀಡಿದ ಪರವಾನಗಿಯಲ್ಲ. ಅದು ನಮ್ಮ ಬಟ್ಟೆ ಮತ್ತು ಪಾತ್ರೆಗೆ ಸಂಬಂಧಿಸಿದ್ದು. ಆ ಪ್ರಾಣಿಯ ಹಸಿವನ್ನು ಅದು ರದ್ದುಪಡಿಸುವುದಿಲ್ಲ. ಬಾಯಾರಿ ಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದನೆಂದು ಪ್ರವಾದಿ(ಸ) ತಿಳಿಸಿದರು. ಪ್ರಾಣಿಗಳ ವಿಷಯದಲ್ಲೂ ಪ್ರತಿಫಲವಿದೆಯೇ ಎಂದು ಅನುಚರರು ವಿಚಾರಿಸಿದಾಗ, ಜೀವವಿರುವ ಎಲ್ಲದರಲ್ಲೂ ಪ್ರತಿಫಲವಿದೆ ಎಂಬ ಉತ್ತರ ದೊರೆಯಿತು. ಆ ನಾಯಿ ನಜಸ್ ಅಲ್ಲವೇ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ನಮ್ಮ ಫಿಕ್‌ಹ್ ಗ್ರಂಥಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ವುಝೂಗೆ ಮಾತ್ರ ಸಾಕಾಗುವಷ್ಟು ನೀರಿದ್ದು, ಜೊತೆಯಲ್ಲಿರುವ ರಕ್ಷಣಾರ್ಹ ಪ್ರಾಣಿಯೊಂದು ದಾಹದಿಂದ ಬಳಲುತ್ತಿದ್ದರೆ, ನೀರನ್ನು ಪ್ರಾಣಿಗೆ ಕುಡಿಸಿ ತಯಮ್ಮುಮ್ ಮಾಡಬೇಕು. ಉಪಯುಕ್ತವಾದ ನಾಯಿಯೂ ಈ ರಕ್ಷಣಾರ್ಹ ಪ್ರಾಣಿಗಳ ಸಾಲಿಗೆ ಸೇರಿದೆ. ಯಾವ ಮದ್‌ಹಬ್ ನಾಯಿಯನ್ನು ಅತ್ಯಂತ ಕಠಿಣವಾಗಿ ನಜಸ್ ಎಂದಿತೋ ಅದೇ ಮದ್‌ಹಬ್ ನಮಾಝಿನ ನೀರನ್ನು ಅದಕ್ಕೆ ಬಿಟ್ಟುಕೊಡಲು ಹೇಳಿದೆ. ನಾವು ಮೊದಲಿನದನ್ನು ಬಾಯಿಪಾಠ ಮಾಡಿಕೊಂಡೆವು, ಎರಡನೆಯದನ್ನು ಮರೆತೆವು.

ಎರಡನೆಯ ವಾದ: ನಾವು ಕೊಲ್ಲಲಿಲ್ಲವಲ್ಲ, ಬಿಟ್ಟು ಬಂದೆವಷ್ಟೇ, ಅನ್ನ ಕೊಡುವವನು ಅಲ್ಲಾಹನು. ಕೇಳಲು ತವಕ್ಕುಲ್‌ನಂತೆ ತೋರುವ ಈ ಮಾತಿನಲ್ಲಿರುವುದು ಕೇವಲ ಜಾರಿಕೆ. ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಸ್ತ್ರೀಯು ನರಕಕ್ಕೆ ಹೋದುದೇಕೆ? ಆಕೆ ಅದಕ್ಕೆ ಉಣಿಸಲೂ ಇಲ್ಲ, ನೆಲದ ಮೇಲಿನ ಹುಳುಹುಪ್ಪಟೆ ತಿಂದು ಬದುಕಲು ಬಿಡಲೂ ಇಲ್ಲ. ‘ನಾವು ಬಿಟ್ಟಿದ್ದೇವಲ್ಲ’ ಎನ್ನುವವರು ಗಮನಿಸಬೇಕು: ಬಿಡುವುದು ನ್ಯಾಯವಾಗುವುದು ತಾನೇ ಆಹಾರ ಹುಡುಕಿಕೊಳ್ಳಬಲ್ಲ ಪ್ರಾಣಿಯ ವಿಷಯದಲ್ಲಿ ಮಾತ್ರ. ನಾಯಿಮರಿ ಕಣ್ಣು ತೆರೆಯುವುದೇ ಹುಟ್ಟಿ ಹತ್ತು ಹದಿನಾಲ್ಕು ದಿನಗಳಾದ ಮೇಲೆ. ತಾಯಿಯ ಹಾಲನ್ನು ಪೂರ್ತಿ ಬಿಡಲು ಆರರಿಂದ ಎಂಟು ವಾರ ಬೇಕು. ನಾಲ್ಕು ವಾರದ ಮರಿಯನ್ನು ಹೆದ್ದಾರಿಯ ಬದಿಯಲ್ಲಿ ‘ಬಿಡುವುದು’ ಎಂದರೆ ಆ ಸ್ತ್ರೀ ಮಾಡಿದ್ದನ್ನೇ ಹಗ್ಗವಿಲ್ಲದೆ ಮಾಡುವುದು. ಆಡುಮರಿಯನ್ನು ಯಾರೂ ಹೀಗೆ ಅಲ್ಲಾಹನ ಮೇಲೆ ಭರವಸೆಯಿಟ್ಟು ಪೇಟೆಯಲ್ಲಿ ಬಿಟ್ಟು ಬರುವುದಿಲ್ಲ. ಅದಕ್ಕೆ ಬೆಲೆಯಿದೆ. ಬೆಲೆಯಿಲ್ಲದ್ದರ ವಿಷಯದಲ್ಲಿ ಮಾತ್ರ ನಮಗೆ ತವಕ್ಕುಲ್ ನೆನಪಾಗುತ್ತದೆ!

ಒಂದು ಹಕ್ಕಿಯ ಮರಿಗಳನ್ನು ಅನುಚರರು ಎತ್ತಿಕೊಂಡಾಗ ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಅದನ್ನು ಕಂಡ ಪ್ರವಾದಿ(ಸ), ಇದರ ಮರಿಗಳ ವಿಷಯದಲ್ಲಿ ಇದನ್ನು ನೋಯಿಸಿದವರು ಯಾರೆಂದು ವಿಚಾರಿಸಿ, ಮರಿಗಳನ್ನು ಹಿಂತಿರುಗಿಸಲು ಆಜ್ಞಾಪಿಸಿದರೆಂದು ಅಬೂದಾವೂದ್‌ನಲ್ಲಿದೆ. ಗೋಣಿಚೀಲ ಹೋದ ದಾರಿಯನ್ನು ಮೂಸುತ್ತಾ ಎರಡು ದಿನ ಅಲೆಯುವ ತಾಯಿನಾಯಿಯನ್ನು ನೋಡಿದವರಿಗೆ ಈ ಹದೀಸ್‌ನ ವ್ಯಾಖ್ಯಾನ ಬೇಕಾಗಿಲ್ಲ.

ಮೂರನೆಯದು ಮಾರಾಟದ ವಿಷಯ. ಇತ್ತೀಚೆಗೆ ನಮ್ಮ ಯುವಕರಲ್ಲಿ ಕೆಲವರು ಲ್ಯಾಬ್ರಡಾರ್, ರಾಟ್‌ವೀಲರ್‌ಗಳಂತಹ ತಳಿನಾಯಿಗಳನ್ನು ಸಾಕಿ ಮರಿ ಮಾರುವುದನ್ನು ಆದಾಯದ ದಾರಿ ಮಾಡಿಕೊಂಡಿದ್ದಾರೆ. ನಾಯಿಯ ಬೆಲೆಯನ್ನು ಪ್ರವಾದಿ(ಸ) ನಿಷೇಧಿಸಿದ್ದಾರೆಂಬ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಶಾಫಿಈ ಮದ್‌ಹಬ್‌ನಲ್ಲಿ ನಾಯಿಯ ಮಾರಾಟ ಸಿಂಧುವೇ ಅಲ್ಲ, ತರಬೇತಾದ ನಾಯಿಯಾದರೂ ಸರಿ. ಹನಫಿಗಳು ಉಪಯುಕ್ತ ನಾಯಿಯ ಮಾರಾಟಕ್ಕೆ ಅವಕಾಶ ನೀಡಿದ್ದಾರೆ. ಆದರೆ ಶೋಕಿಗಾಗಿ ನಾಯಿ ಸಾಕುವುದನ್ನು ಹನಫಿಗಳೂ ಒಪ್ಪಿಲ್ಲ. ಕರಾವಳಿಯ ಶಾಫಿಈ ಯುವಕ ವ್ಯಾಪಾರ ಮಾಡುವಾಗ ಹನಫಿಯಾಗಿ, ಮಾರಾಟವಾಗದೆ ಉಳಿದ ಮರಿಯನ್ನು ಎಸೆಯುವಾಗ ಮತ್ತೆ ಶಾಫಿಈಯಾಗಿ ‘ನಜಸ್’ ಎನ್ನುವುದು ಯಾವ ಮದ್‌ಹಬ್? ಅದು ದುರಾಸೆಯ ಮದ್‌ಹಬ್!

ಇನ್ನು ನಮ್ಮ ದೇಶದ ಕಾನೂನು. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾರುವ ಉದ್ದೇಶದಿಂದ ನಾಯಿ ಸಾಕುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಪಡೆಯುವಂತಿಲ್ಲ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಹಳೆಯ ಕಾಯ್ದೆಯಾದುದರಿಂದ ಮೊದಲ ಅಪರಾಧಕ್ಕೆ ದಂಡ ಐವತ್ತು ರೂಪಾಯಿ ಮೀರದು. ಆದರೆ ಪರಲೋಕದ ನ್ಯಾಯಾಲಯದಲ್ಲಿ ದಂಡವನ್ನು ರೂಪಾಯಿಯಲ್ಲಿ ವಸೂಲು ಮಾಡುವುದಿಲ್ಲ.

ಹಾಗಾದರೆ ಮಾರಲು ಸಾಧ್ಯವಿಲ್ಲದ, ಎಸೆಯಲು ಅನುಮತಿಯಿಲ್ಲದ ಈ ಮರಿಗಳನ್ನು ಏನು ಮಾಡಬೇಕು? ಇಲ್ಲಿ ಶಾಫಿಈ ವಿದ್ವಾಂಸರು ಒಂದು ಸೂಕ್ಷ್ಮ ವಿಚಾರವನ್ನು ಮುಂದಿಟ್ಟಿದ್ದಾರೆ. ನಾಯಿ ಸೊತ್ತಲ್ಲ, ಆದುದರಿಂದ ಅದರ ಮೇಲೆ ಸಾಕುವವನಿಗೆ ಒಡೆತನವಿಲ್ಲ. ಅವನಿಗಿರುವುದು ‘ಇಖ್ತಿಸಾಸ್’, ಅಂದರೆ ಅದನ್ನು ಬಳಸುವ ವಿಶೇಷ ಹಕ್ಕು ಮಾತ್ರ. ಈ ಹಕ್ಕನ್ನು ಅವನು ಬೆಲೆ ಪಡೆಯದೆ ಮತ್ತೊಬ್ಬನ ಕೈಗೆ ದಾಟಿಸಬಹುದು. ಅನುಮತಿಸಲ್ಪಟ್ಟ ನಾಯಿಯನ್ನು ವಸಿಯ್ಯತ್ ಮೂಲಕ ಬಿಟ್ಟುಹೋಗಲೂ ಅವಕಾಶವಿದೆ. ಯೋಚಿಸಿ ನೋಡಿ: ಒಡೆತನವಿಲ್ಲದ, ಆದರೆ ಕೈವಶದಲ್ಲಿರುವ ಜೀವ. ಅಮಾನತ್ ಎಂಬ ಪದಕ್ಕೆ ಇದಕ್ಕಿಂತ ಹತ್ತಿರವಾದುದು ಯಾವುದಿದೆ? ಇಮಾಮ್ ಇಝ್ಝುದ್ದೀನ್ ಬಿನ್ ಅಬ್ದಿಸ್ಸಲಾಮ್(ರ) ಹಿಜರಿ ಏಳನೇ ಶತಮಾನದಲ್ಲೇ ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಮುಪ್ಪಿನಿಂದಲೋ ರೋಗದಿಂದಲೋ ಪ್ರಯೋಜನಕ್ಕೆ ಬಾರದಂತಾದರೂ ಅದರ ಖರ್ಚನ್ನು ಭರಿಸಬೇಕೆಂಬುದು ಅವುಗಳಲ್ಲೊಂದು. ಪ್ರಯೋಜನ ಮುಗಿದ ಪ್ರಾಣಿಗೇ ಈ ಹಕ್ಕಿದ್ದರೆ, ಬದುಕು ಇನ್ನೂ ಆರಂಭವಾಗದ ಮರಿಗೆ ಇಲ್ಲವೇ?

ಆದ್ದರಿಂದ ಮರಿಗೆ ಒಳ್ಳೆಯ ನೆಲೆ ಹುಡುಕುವುದು ನಮ್ಮ ಹೊಣೆ. ಆದರೆ ಕೇಳಿದವನ ಕೈಗೆಲ್ಲ ಕೊಟ್ಟು ಬಿಡುವುದು ನೆಲೆ ಹುಡುಕಿದಂತಾಗುವುದಿಲ್ಲ. ಧರ್ಮಕ್ಕೆ ಸಿಗುತ್ತದೆಂದು ಒಯ್ದವನು ಎರಡು ತಿಂಗಳಲ್ಲಿ ಬೇಸತ್ತು ಬೀದಿಗೆ ಬಿಡುತ್ತಾನೆ. ಮಕ್ಕಳ ಆಟಕ್ಕೆಂದು ಒಯ್ದವರು ಶಾಲೆ ಆರಂಭವಾದೊಡನೆ ಮರೆಯುತ್ತಾರೆ. ಕೊಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿರಿ. ಯಾವ ಕೆಲಸಕ್ಕೆ ಬೇಕು? ಮಳೆಗಾಲದಲ್ಲಿ ಎಲ್ಲಿ ಮಲಗುತ್ತದೆ? ಹಗಲಿರುಳೂ ಸರಪಳಿಯಲ್ಲೇ ಇರುತ್ತದೆಯೇ? ಈ ಮೊದಲಿದ್ದ ನಾಯಿ ಏನಾಯಿತು? ಕೊನೆಯ ಪ್ರಶ್ನೆಗೆ ತಡವರಿಸುವವನಿಗೆ ಕೊಡಬೇಡಿ.

ನಿಜವಾದ ಅಗತ್ಯವಿರುವವರು ನಮ್ಮ ಸುತ್ತಲೇ ಇದ್ದಾರೆ. ಹಂದಿ, ಮಂಗಗಳ ಕಾಟದಿಂದ ಸೋತ ತೋಟದವರಿದ್ದಾರೆ. ಆಡು ಸಾಕುವವರು, ಕೋಳಿ ಫಾರಂನವರು, ಒಂಟಿ ಮನೆಯ ವೃದ್ಧ ದಂಪತಿಗಳು ಇದ್ದಾರೆ. ಬಯಲುಸೀಮೆಯಲ್ಲಿ ಕುರಿಗಾಹಿಗಳಿದ್ದಾರೆ. ನೆರೆಯ ಹಿಂದೂ, ಕ್ರೈಸ್ತ ಬಂಧುಗಳಲ್ಲಿ ನಾಯಿಯನ್ನು ಮನೆಮಂದಿಯಂತೆ ನೋಡಿಕೊಳ್ಳುವವರು ಅನೇಕರಿದ್ದಾರೆ; ಅವರ ಬಳಿ ಕೇಳಲು ಸಂಕೋಚವೇಕೆ? ಎಂಟು ವಾರ ತಾಯಿಯ ಬಳಿ ಇರಲು ಬಿಡಿ. ಅಷ್ಟರೊಳಗೆ ಪಶು ಆಸ್ಪತ್ರೆಗೆ ಒಯ್ದು ಜಂತುಹುಳುವಿನ ಔಷಧಿ ಮತ್ತು ಮೊದಲ ಲಸಿಕೆ ಹಾಕಿಸಿ. ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಬೇಕೆಂದು ಒಯ್ಯುವವರಿಗೆ ತಿಳಿಸಿ. ತಿಂಗಳಾದ ಮೇಲೆ ಒಮ್ಮೆ ಹೋಗಿ ನೋಡಿ ಬನ್ನಿ. ನೆಲೆ ಸಿಗದ ಮರಿ ಉಳಿದರೆ ಅದು ನಿಮ್ಮಲ್ಲೇ ಕಾವಲಿಗಿರಲಿ. ತಾಯಿ ಮುದಿಯಾಗುವ ಕಾಲಕ್ಕೆ ಅದು ಬೇಕಾಗುತ್ತದೆ.

ಹೆಣ್ಣು ಮರಿಗಳೇ ಉಳಿಯುವುದೇಕೆ? ಮುಂದೆ ಅದೂ ಮರಿ ಹಾಕುತ್ತದೆಂಬ ಭಯದಿಂದ. ಅದಕ್ಕೆ ಪರಿಹಾರ ಗೋಣಿಚೀಲವಲ್ಲ, ಸಂತಾನಹರಣ ಶಸ್ತ್ರಚಿಕಿತ್ಸೆ. ತಾಯಿಗೆ ಮಾಡಿಸಿದರೆ ಈ ಸಮಸ್ಯೆಯ ಬುಡವೇ ಕಡಿದಂತೆ. ಪ್ರಾಣಿಯ ಸಂತಾನಶಕ್ತಿ ತೆಗೆಯುವ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವುದು ನಿಜ. ಸಂದೇಹವಿದ್ದವರು ತಮ್ಮ ಉಸ್ತಾದರಲ್ಲಿ ಕೇಳಲಿ. ಆದರೆ ಆ ಬಗ್ಗೆ ಸಂದೇಹ ಪಡುವ ನಾವು, ಪ್ರತಿ ಬಾರಿಯೂ ಮರಿಗಳನ್ನು ಸಾಯಲು ಬಿಡುವುದರ ಬಗ್ಗೆ ಒಮ್ಮೆಯೂ ಫತ್ವಾ ಕೇಳಿಲ್ಲವೇಕೆ?

ಸಮುದಾಯದಲ್ಲಿ ಬಡತನ, ನಿರುದ್ಯೋಗಗಳ ರಾಶಿಯೇ ಇರುವಾಗ ನಾಯಿಮರಿಯ ಚಿಂತೆಯೇ ಎಂದು ಕೆಲವರು ಹುಬ್ಬೇರಿಸಬಹುದು. ಹಕ್ಕಿಮರಿಗಾಗಿ ಪ್ರವಾದಿ(ಸ) ಮಾತನಾಡಿದ ಕಾಲದಲ್ಲೂ ಅನುಚರರ ಒಲೆಗಳು ಉರಿಯದ ದಿನಗಳಿದ್ದವು. ಕರುಣೆ ಒಂದು ಕಡೆ ಖರ್ಚಾದರೆ ಇನ್ನೊಂದು ಕಡೆ ಕಡಿಮೆಯಾಗುವ ವಸ್ತುವಲ್ಲ. ಅಷ್ಟಕ್ಕೂ ಎಸೆದ ಮರಿಗಳಲ್ಲಿ ಬದುಕುಳಿದದ್ದು ಲಸಿಕೆ ಕಾಣದ ಬೀದಿನಾಯಿಯಾಗಿ ಬೆಳೆಯುತ್ತದೆ. ಅದು ಕಚ್ಚುವುದು ಕಾರಿನಲ್ಲಿ ಓಡಾಡುವವರನ್ನಲ್ಲ. ಮುಂಜಾನೆ ಮದ್ರಸಕ್ಕೆ ನಡೆದು ಹೋಗುವ ಬಡವರ ಮಕ್ಕಳನ್ನು. ರೇಬೀಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಅತಿ ವಿರಳ. ಬಡವರ ಬಗ್ಗೆ ಕಾಳಜಿಯಿದ್ದರೆ ಗೋಣಿಚೀಲವನ್ನು ಕೆಳಗಿಡುವುದೇ ಅದರ ಮೊದಲ ಹೆಜ್ಜೆ.

ಜಮಾಅತ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮನೆ, ಜಾಗ, ವಾಹನಗಳ ಜಾಹೀರಾತಿಗೆ ಸ್ಥಳವಿದೆ. ‘ಕಾವಲಿಗೆ ಮರಿ ಬೇಕಾದವರು ತಿಳಿಸಿ, ಬೆಲೆಯಿಲ್ಲ’ ಎಂಬ ಒಂದು ಸಾಲಿಗೂ ಸ್ಥಳವಿರಲಿ. ಖತೀಬರು ಬಾಯಾರಿದ ನಾಯಿಯ ಹದೀಸನ್ನು ಹೇಳುವಾಗ, ಆ ಬಾವಿ ಇಂದು ನಮ್ಮ ತೋಟದಲ್ಲೇ ಇದೆ ಎಂಬುದನ್ನೂ ಸೇರಿಸಲಿ. ತಾನು ಯಾರ ಅನ್ನಕ್ಕೆ ಹೊಣೆಗಾರನೋ ಅವರನ್ನು ಕಡೆಗಣಿಸುವುದೇ ಒಬ್ಬನನ್ನು ಪಾಪಿಯಾಗಿಸಲು ಸಾಕೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ನಮ್ಮ ಅಂಗಳದಲ್ಲಿ ಕಣ್ಣು ತೆರೆದ ಮೂಕಜೀವಿ ನಾಳೆ ಮಹ್ಶರದಲ್ಲಿ ನಮ್ಮ ವಿರುದ್ಧ ಸಾಕ್ಷಿಯಾಗದಿರಲಿ. ಭೂಮಿಯಲ್ಲಿರುವವರಿಗೆ ಕರುಣೆ ತೋರುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನೂ ಸೇರಿಸಲಿ. ಆಮೀನ್.