ಬೀಗ ಹಾಕಿದರೆ ಭದ್ರತೆಯೇ?

2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಪಾಲಿಕೆಯ ಆಟದ ಮೈದಾನದ ಗೇಟು ಕಳಚಿ ಬಿದ್ದು 11 ವರ್ಷದ ಬಾಲಕನೊಬ್ಬ ಸತ್ತ. 2015ರಲ್ಲಿ ಕಬ್ಬನ್ ಪಾರ್ಕಿನಲ್ಲಿ ಮಹಿಳೆಯೊಬ್ಬರ ಮೇಲೆ ಅತ್ಯಾಚಾರ ನಡೆದಾಗ ಬಂಧಿತರಾದವರು ಕಾವಲುಗಾರರೇ! ಆದರೂ ನಮ್ಮ ನಗರಾಡಳಿತಗಳ ಪಾಲಿಗೆ ಭದ್ರತೆಯೆಂದರೆ ಬೀಗ, ಬೇಲಿ ಮತ್ತು 'ಪ್ರವೇಶವಿಲ್ಲ' ಎಂಬ ಫಲಕ.

ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಇಂದು 240 ಎಕರೆ. ಅದರ ನಡುವೆ ವೃದ್ಧರೊಬ್ಬರು ಎದೆ ಹಿಡಿದು ಕುಸಿದರೆ, 108ಕ್ಕೆ ಕರೆ ಮಾಡಿದವರು ಯಾವ ಗುರುತು ಹೇಳಬೇಕು? 'ದೊಡ್ಡ ಮರದ ಹತ್ತಿರ' ಎನ್ನಬೇಕೇ? ಬಡಾವಣೆಯ ಪಾರ್ಕುಗಳಲ್ಲಂತೂ ಒಬ್ಬರೇ ತೂರಿ ಹೋಗುವ ಸಣ್ಣ ಗೇಟು ಮಾತ್ರ ತೆರೆದಿರುತ್ತದೆ. ಸ್ಟ್ರೆಚರ್ ಹೋಗಬೇಕಾದ ದೊಡ್ಡ ಗೇಟಿಗೆ ತುಕ್ಕು ಹಿಡಿದ ಬೀಗ, ಕೀಲಿಕೈ ಯಾರದೋ ಕಿಸೆಯಲ್ಲಿ. ಗಾಲಿಕುರ್ಚಿಯವರು ಹೇಗೂ ಹೊರಗೇ.

ದಾರಿಯ ಮುಳ್ಳನ್ನು ಸರಿಸುವುದನ್ನೂ ಪ್ರವಾದಿ(ಸ)ರವರು ಸತ್ಕರ್ಮವೆಂದು ಕಲಿಸಿದರು. ನಾವು ಕೇಳುತ್ತಿರುವುದೂ ಅಷ್ಟೇ ಸಣ್ಣದು: ದೀಪ ಉರಿಯಲಿ, ಕಂಬಗಳಿಗೆ ಸಂಖ್ಯೆ ಬರೆಯಿರಿ, ದೊಡ್ಡ ಗೇಟಿನ ಕೀಲಿ ಸ್ಥಳದಲ್ಲೇ ಇರಲಿ. ಕಾರಂಜಿಗೆ ಸಿಗುವ ಹಣ (ಅದೂ ಕೆಟ್ಟು ನಿಲ್ಲುವುದೇ ಹೆಚ್ಚು) ಇದಕ್ಕೇಕೆ ಸಿಗುವುದಿಲ್ಲ?

2025ರಿಂದ ಬೆಂಗಳೂರಿಗೆ ಐದು ಪಾಲಿಕೆಗಳು. ಪ್ರತಿ ಪಾರ್ಕಿನ ಗೇಟನ್ನು ಯಾವ ಇಂಜಿನಿಯರ್, ಯಾವ ದಿನ ಪರೀಕ್ಷಿಸಿದರು ಎಂಬುದನ್ನು ಅವು ಅದೇ ಗೇಟಿನ ಮೇಲೆ ಬರೆಸಲಿ.