ಋತುಬಂಧದ ಹೊಸ್ತಿಲಲ್ಲಿ ಖಿನ್ನತೆ: ಹಾರ್ಮೋನ್ ಎಷ್ಟರ ಮಟ್ಟಿಗೆ ಮದ್ದು?

ಋತುಬಂಧದ ತೊಂದರೆಗಳಿಗೆ ನೀಡುವ ಹಾರ್ಮೋನ್ ಔಷಧಗಳ ಕಪ್ಪು ಚೌಕಟ್ಟಿನ ಎಚ್ಚರಿಕೆಯಿಂದ ಹೃದ್ರೋಗ, ಸ್ತನ ಕ್ಯಾನ್ಸರ್ ಹಾಗೂ ಮರೆಗುಳಿತನದ ಉಲ್ಲೇಖಗಳನ್ನು ಕೈಬಿಡುವುದಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಇದರೊಂದಿಗೆ ಹಳೆಯ ಪ್ರಶ್ನೆಯೊಂದು ಮತ್ತೆ ಮುನ್ನೆಲೆಗೆ ಬಂದಿದೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಮಹಿಳೆಯರನ್ನು ಕಾಡುವ ಖಿನ್ನತೆಗೆ ಈ ಚಿಕಿತ್ಸೆ ಸಲ್ಲುವುದೇ?

ಭಯ ಹುಟ್ಟಿದ್ದು 2002ರ ಜುಲೈನಲ್ಲಿ. 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಅಧ್ಯಯನದಲ್ಲಿ ಈಸ್ಟ್ರೋಜೆನ್ ಹಾಗೂ ಪ್ರೊಜೆಸ್ಟಿನ್ ಒಟ್ಟಿಗೆ ಸೇವಿಸಿದವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಹೆಚ್ಚಿದ್ದು ಕಂಡು ಆ ಪ್ರಯೋಗವನ್ನು ನಡುವೆಯೇ ನಿಲ್ಲಿಸಲಾಯಿತು. ಅದರಲ್ಲಿದ್ದ 16,608 ಮಹಿಳೆಯರ ಸರಾಸರಿ ವಯಸ್ಸು 63. ಎಲ್ಲರಿಗೂ ಮುಟ್ಟು ನಿಂತಿತ್ತು. ಆದರೆ ಅಲ್ಲಿ ಹುಟ್ಟಿದ ಅಂಜಿಕೆ ನಲವತ್ತೈದರ ಮಹಿಳೆಗೂ ಅಂಟಿಕೊಂಡಿತು.

ಈ ಘಟ್ಟದ ಖಿನ್ನತೆಗೆ ಈಸ್ಟ್ರೋಜೆನ್ ಕೊರತೆಗಿಂತ ಅದರ ಏರಿಳಿತವೇ ಮುಖ್ಯ ಎಂಬುದು ತಜ್ಞರ ವಾದ. 2001ರಲ್ಲಿ ಪ್ರಕಟವಾದ, 50 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ, ಚರ್ಮಕ್ಕೆ ಅಂಟಿಸುವ ಈಸ್ಟ್ರೋಜೆನ್ ಪಟ್ಟಿಯನ್ನು 12 ವಾರ ಬಳಸಿದವರ ಪೈಕಿ ಶೇ. 68ರಷ್ಟು ಮಂದಿ ಖಿನ್ನತೆಯಿಂದ ಹೊರಬಂದರು. ಔಷಧವಿಲ್ಲದ ಪಟ್ಟಿ ಧರಿಸಿದವರಲ್ಲಿ ಈ ಪ್ರಮಾಣ ಶೇ. 20. ಫಲಿತಾಂಶ ಆಕರ್ಷಕ, ಪ್ರಯೋಗ ಮಾತ್ರ ತೀರಾ ಚಿಕ್ಕದು. ಮುಟ್ಟು ನಿಂತು ವರ್ಷಗಳೇ ಕಳೆದ ಮಹಿಳೆಯರಲ್ಲಿ ಇಂತಹ ಗುಣ ಕಂಡುಬರಲಿಲ್ಲ. ಹೀಗಾಗಿ 2018ರ ಅಮೆರಿಕನ್ ಮಾರ್ಗಸೂಚಿ ಖಿನ್ನತೆ ನಿವಾರಕ ಔಷಧ ಹಾಗೂ ಆಪ್ತಸಮಾಲೋಚನೆಗೇ ಮೊದಲ ಸ್ಥಾನ ನೀಡಿತು. ಎಚ್ಚರಿಕೆ ತೆಗೆದುಹಾಕಿದ ಮಾತ್ರಕ್ಕೆ ಈಸ್ಟ್ರೋಜೆನ್ ಖಿನ್ನತೆಯ ಅಂಗೀಕೃತ ಔಷಧವಾಗದು. ಗರ್ಭಕೋಶವಿರುವವರಿಗೆ ಅದರ ಒಳಪದರದ ರಕ್ಷಣೆಗಾಗಿ ಪ್ರೊಜೆಸ್ಟರಾನ್ ಮಾದರಿಯ ಔಷಧವನ್ನೂ ಕೊಡಬೇಕು. ಅದೇ ಕೆಲವರ ಮನಸ್ಸನ್ನು ಕುಗ್ಗಿಸುವುದೂ ಉಂಟು!

ಭಾರತೀಯ ಮಹಿಳೆಯರಿಗೆ ಸರಾಸರಿ 46-47ರ ವಯಸ್ಸಿನಲ್ಲೇ, ಅಂದರೆ ಪಾಶ್ಚಾತ್ಯರಿಗಿಂತ ಕೆಲವು ವರ್ಷ ಮೊದಲೇ ಮುಟ್ಟು ನಿಲ್ಲುತ್ತದೆ. ನಲವತ್ತರ ಆಸುಪಾಸಿನಲ್ಲೇ ನಿದ್ದೆಗೇಡು, ಕಾರಣವಿಲ್ಲದ ಅಳು, ಸಿಡುಕು ತೋರಿದರೆ ಮನೆಯವರು ಅದನ್ನು ಸ್ವಭಾವವೆಂದೇ ಎಣಿಸುತ್ತಾರೆ. ವೈದ್ಯರೂ ಇದಕ್ಕೆ ಹೊರತಲ್ಲ. ಸ್ತ್ರೀರೋಗ ತಜ್ಞರು ಮನಸ್ಸಿನ ವಿಚಾರ ಕೇಳುವುದು ಅಪರೂಪ, ಮನೋವೈದ್ಯರು ಮುಟ್ಟಿನ ವಿಚಾರ ಕೇಳುವುದು ಇನ್ನೂ ಅಪರೂಪ. ಥೈರಾಯ್ಡ್ ಪರೀಕ್ಷೆಯೂ ಎಷ್ಟೋ ವೇಳೆ ಬಿಟ್ಟುಹೋಗುತ್ತದೆ.

ಸೆಕೆ ಏರುವುದು, ರಾತ್ರಿ ಬೆವರುವುದು ಮತ್ತು ಖಿನ್ನತೆ ಜೊತೆಗೂಡಿ ಬಂದವರಲ್ಲಿ, ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ ಇತಿಹಾಸವಿಲ್ಲದಿದ್ದರೆ, ಹಾರ್ಮೋನ್ ಚಿಕಿತ್ಸೆಯನ್ನು ಪರಿಗಣಿಸಲು ಸಕಾರಣವಿದೆ. ಸಾಯುವ ಯೋಚನೆ ಬರುತ್ತಿರುವ ಮಹಿಳೆಯ ವಿಷಯದಲ್ಲಿ ಮಾತ್ರ ಹಾರ್ಮೋನ್ ಫಲ ನೀಡಲೆಂದು ವಾರಗಟ್ಟಲೆ ಕಾಯುವಂತಿಲ್ಲ. ಆಕೆಯನ್ನು ಅಂದೇ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ನೆರವು ದೊರೆಯುತ್ತದೆ.